ಅಮ್ಮನಿಗೆ ಬಳಚು ತಿನ್ನಿಸಬೇಕು: ವಾಷಿಂಗ್ಟನ್ ತೀರದಲ್ಲಿ ರೇಜರ್ ಕ್ಲ್ಯಾಮ್ ತೆಗೆದವರು ಯಾರಾದರೂ ಇದ್ದೀರಾ?

ಹೊಳೆಸಾಲು

ಎಲ್ಲರಿಗೂ ನಮಸ್ಕಾರ. ನನ್ನ ಊರು ಕುಮಟಾ ಹತ್ತಿರ, ಅಘನಾಶಿನಿ ಹೊಳೆ ದಂಡೆ. ಈಗ ವಾಷಿಂಗ್ಟನ್ ರಾಜ್ಯದ ರೆಡ್‌ಮಂಡ್‌ನಲ್ಲಿದ್ದೇನೆ. ಅಪ್ಪ ಅಮ್ಮ ಸೆಪ್ಟೆಂಬರ್ ಕೊನೆಗೆ ಬರುತ್ತಾರೆ, ಮಾರ್ಚ್ ತನಕ ಇರುತ್ತಾರೆ.

ಅಮ್ಮ ಚಿಕ್ಕಂದಿನಿಂದ ಹೊಳೆಗೆ ಇಳಿದು ಬಳಚು (ಚಿಪ್ಪಿನ ಜೀವಿ, ಇಂಗ್ಲಿಷಿನಲ್ಲಿ ಕ್ಲ್ಯಾಮ್) ತೆಗೆದವರು. ಇಳಿತದ ಹೊತ್ತಿಗೆ ಸೊಂಟದ ಮಟ್ಟ ನೀರಲ್ಲಿ ನಿಂತು, ಕಾಲಲ್ಲೇ ತಡವಿ, ಸಿಕ್ಕಿದ್ದನ್ನು ಬುಟ್ಟಿಗೆ ಹಾಕುತ್ತಿದ್ದರು. ಕಳೆದ ಸಲ ಬಂದಾಗ ಅಂಗಡಿಯಿಂದ ಫ್ರೀಜರಿನ ಕ್ಲ್ಯಾಮ್ ತಂದು ಮಾಡಿಕೊಟ್ಟೆ. ಎರಡು ತುತ್ತು ತಿಂದರು, ಏನೂ ಹೇಳಲಿಲ್ಲ. ಸುಮ್ನೆ ತಟ್ಟೆ ಎತ್ತಿಟ್ಟರು. ಅದು ನನಗೆ ಇನ್ನೂ ಮನಸ್ಸಲ್ಲಿದೆ.

ಇಲ್ಲಿ ಸಮುದ್ರದ ದಂಡೆಯಲ್ಲೇ ಮರಳು ಅಗೆದು ರೇಜರ್ ಕ್ಲ್ಯಾಮ್ ತೆಗೆಯಬಹುದಂತೆ, ಹೌದಾ? ಎಲ್ಲಿ ಹೋಗಬೇಕು, ಯಾವಾಗ, ಲೈಸೆನ್ಸ್ ಬೇಕಾ? ಅಮ್ಮನಿಗೆ 64, ಮಂಡಿ ನೋವು ಸ್ವಲ್ಪ ಇದೆ. ಅವರ ಕೈಯಲ್ಲೇ ಒಂದಾದರೂ ತೆಗೆಸಬೇಕು ಅಂತ ಆಸೆ.

ಟಕೋಮಾ ಶೆಟ್ಟಿ

ಹೌದು ತಮ್ಮಾ, ತೆಗೆಯಬಹುದು. ನಾನು ಹನ್ನೊಂದು ವರ್ಷದಿಂದ ತಪ್ಪದೆ ಹೋಗುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ಒಂದು ಮಾತು. ಇದು ನಿಮ್ಮ ಹೊಳೆಯ ಬಳಚು ಥರ ಅಲ್ಲ. ಬಳಚು ಕೂತಲ್ಲೇ ಕೂತಿರುತ್ತದೆ. ಇದು ಓಡುತ್ತದೆ, ಅದೂ ಕೆಳಗೆ. ಅಲೆ ಹೊಡೆಯುವ ಬಯಲು ದಂಡೆಯ ಮರಳಲ್ಲೇ ಇದರ ಬದುಕು. ದಿನವೂ ಕಾಲಡಿಯ ಮರಳು ಕೊಚ್ಚಿಹೋಗುವ ಜಾಗ ಅಲ್ವಾ, ಬೇಗ ಇಳಿಯಲು ಬಾರದಿದ್ದರೆ ಅದು ಉಳಿಯುವುದೇ ಇಲ್ಲ. ಕಾಲನ್ನು ಕೆಳಗೆ ಚಾಚಿ, ಅದರ ತುದಿ ಉಬ್ಬಿಸಿ ಲಂಗರಿನ ಹಾಗೆ ಊರಿ, ಚಿಪ್ಪನ್ನು ಕೆಳಗೆ ಎಳೆದುಕೊಳ್ಳುತ್ತದೆ. ಒಂದು ನಿಮಿಷದಲ್ಲಿ ಸುಮಾರು ಒಂದು ಅಡಿ. ಆದರೆ ಪಕ್ಕಕ್ಕೆ ಹೋಗುವುದಿಲ್ಲ, ನೇರ ಕೆಳಗೆ ಮಾತ್ರ. ನಮಗೆ ಇರುವ ಅನುಕೂಲ ಅದೊಂದೇ.

ಜಾಗ: ಲಾಂಗ್ ಬೀಚ್, ಟ್ವಿನ್ ಹಾರ್ಬರ್ಸ್, ಕೊಪೇಲಿಸ್, ಮೊಕ್ರಾಕ್ಸ್. ಮೊದಲ ಸಲಕ್ಕೆ ಓಷನ್ ಶೋರ್ಸ್ ಊರಿನ ಪಕ್ಕ ಕೊಪೇಲಿಸ್ ಸಾಕು, ನಿಮ್ಮಲ್ಲಿಂದ ಎರಡೂವರೆ ಮೂರು ಗಂಟೆ. ಗಾಡಿ ಮರಳಿನ ಮೇಲೆ ಇಳಿಸಬಹುದು, ಆದರೆ ಮೇಲ್ಗಡೆ ಗಟ್ಟಿ ಮರಳಲ್ಲಿ ಮಾತ್ರ ಓಡಿಸಿ. ಕೆಳಗೆ ಅವುಗಳ ಮನೆ ಇದೆ.

ಸಮಯ: ಶರತ್ಕಾಲ, ಚಳಿಗಾಲದಲ್ಲಿ ದೊಡ್ಡ ಇಳಿತ ಸಂಜೆ ಮೇಲೆ ಬರುತ್ತದೆ. ವಸಂತಕ್ಕೆ ಬೆಳಿಗ್ಗೆಗೆ ತಿರುಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಜಾಸ್ತಿ ಹಿಂದೆ ಹೋಗುತ್ತದೆ ಅಂತ ನಿಮ್ಮ ಅಮ್ಮನಿಗೆ ನಾನು ಹೇಳಿಕೊಡಬೇಕಾಗಿಲ್ಲ. ಇಳಿತದ ಗಳಿಗೆಗಿಂತ ಒಂದೆರಡು ಗಂಟೆ ಮೊದಲೇ ದಂಡೆಯಲ್ಲಿರಿ.

ಆದರೆ ಇಳಿತ ಇದ್ದ ಮಾತ್ರಕ್ಕೆ ಹೋಗುವ ಹಾಗಿಲ್ಲ. ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆ ತಾರೀಖು ಸಾರಬೇಕು. ಕ್ಲ್ಯಾಮ್ ಮಾಂಸದಲ್ಲಿ ವಿಷ ಇದೆಯಾ ಅಂತ ಮಾಡುವ ಪರೀಕ್ಷೆ ಪಾಸಾದ ಮೇಲೆ, ಯಾವ ದಿನ, ಯಾವ ದಂಡೆ ಅಂತ ಅವರು ಹೇಳುತ್ತಾರೆ. ಅದನ್ನು ಹೊರಡುವ ದಿನವೂ ಇನ್ನೊಮ್ಮೆ ನೋಡಿ.

15 ವರ್ಷ ತುಂಬಿದ ಎಲ್ಲರಿಗೂ ಲೈಸೆನ್ಸ್ ಬೇಕು. ಮೂರು ದಿನದ್ದೂ ಸಿಗುತ್ತದೆ. ಒಬ್ಬರಿಗೆ ದಿನಕ್ಕೆ 15. ಮೊದಲು ಕೈಗೆ ಬಂದ 15 ನಿಮ್ಮದು. ಸಣ್ಣದಿರಲಿ, ಒಡೆದಿರಲಿ, ಎಲ್ಲ ಲೆಕ್ಕಕ್ಕೆ. ಒಬ್ಬೊಬ್ಬರಿಗೆ ಬೇರೆ ಬೇರೆ ಚೀಲ, ಒಬ್ಬರ ಪಾಲನ್ನು ಇನ್ನೊಬ್ಬರು ಅಗೆಯುವ ಹಾಗಿಲ್ಲ. ತೀರಾ ಆಗದವರಿಗೆ ಬೇರೆಯವರು ಅಗೆದುಕೊಡಲು ಪ್ರತ್ಯೇಕ ಪರವಾನಗಿ ಇದೆ.

ಹೊಳೆಸಾಲು

ಶೆಟ್ರೇ, ತುಂಬಾ ಉಪಕಾರ ಆಯ್ತು. ಮರಳಲ್ಲಿ ಅದು ಎಲ್ಲಿದೆ ಅಂತ ಗೊತ್ತಾಗುವುದು ಹೇಗೆ?

ಟಕೋಮಾ ಶೆಟ್ಟಿ

ಮೂರು ಥರದ ಗುರುತು. ಒಂದು, ಹಿಟ್ಟಿಗೆ ಹೆಬ್ಬೆರಳು ಒತ್ತಿದ ಹಾಗೆ ಸಣ್ಣ ತಗ್ಗು. ಎರಡು, ಬೀಗದ ಕಿಂಡಿಯಂಥ ತೂತು, ಅಂಚು ಚೂಪಾಗಿರುತ್ತದೆ. ಮೂರನೆಯದು ಉದ್ದಿನವಡೆ. ಇಲ್ಲಿಯವರು ಡೋನಟ್ ಅನ್ನುತ್ತಾರೆ. ಮರಳು ಸುತ್ತ ಉಬ್ಬಿ, ನಡುವೆ ತೂತು. ಏನೂ ಕಾಣದಿದ್ದರೆ ಸಲಿಕೆಯ ಹಿಡಿಯಿಂದ ನೆಲ ಕುಟ್ಟಿ. ಅದುರಿಗೆ ಅದು ಕತ್ತು ಒಳಗೆಳೆದುಕೊಳ್ಳುತ್ತದೆ, ಆ ಜಾಗದಲ್ಲಿ ತಗ್ಗು ಬೀಳುತ್ತದೆ.

ಹೊಸಬರಿಗೆ ಕೊಳವೆ ಒಳ್ಳೆಯದು. ಕ್ಲ್ಯಾಮ್ ಗನ್ ಅಂತ ಕೇಳಿ ತೆಗೆದುಕೊಳ್ಳಿ. ಗುರುತು ನಡುವೆ ಬರುವ ಹಾಗೆ ಇಟ್ಟು, ದಿಬ್ಬದ ಕಡೆಗೆ ಒಂಚೂರು ವಾಲಿಸಿ, ಅಲುಗಾಡಿಸುತ್ತಾ ಆರರಿಂದ ಹತ್ತು ಇಂಚು ಇಳಿಸಿ. ಮೇಲಿನ ಗಾಳಿ ತೂತಿಗೆ ಹೆಬ್ಬೆರಳು ಮುಚ್ಚಿ ಎತ್ತಿ. ಮರಳಿನ ಕಂಬವೇ ಎದ್ದು ಬರುತ್ತದೆ. ಬೆನ್ನಿಂದ ಎತ್ತಬೇಡಿ, ಕಾಲಿಂದ ಎತ್ತಿ. ಅಮ್ಮನಿಗೆ ಹಗುರವಾದ ಅಲ್ಯುಮಿನಿಯಂ ಕೊಳವೆ ಕೊಡಿಸಿ.

ಸಲಿಕೆ ಹಿಡಿಯುವವರು ಗುರುತಿಗಿಂತ ನಾಲ್ಕಾರು ಇಂಚು ಸಮುದ್ರದ ಕಡೆ ಊರಬೇಕು, ಅಲಗು ನೆಟ್ಟಗೆ ಇಳಿಯಬೇಕು. ಓರೆಯಾದರೆ ಚಿಪ್ಪು ಸೀಳಿತು ಅಂತಲೇ ಲೆಕ್ಕ. ಎರಡು ಮೂರು ಸಲ ಮರಳು ತೆಗೆದು, ಆಮೇಲೆ ಕೈ ಹಾಕಿ. ಹುಷಾರು, ಇದರ ಅಂಚಿಗೆ ರೇಜರ್ ಅಂತ ಸುಮ್ನೆ ಹೆಸರಿಟ್ಟಿಲ್ಲ.

ಮಳೆಯೂರ ಮಲ್ಲಿಗೆ

ನಾವು ಮಾಂಸಾಹಾರಿಗಳಲ್ಲ. ಆದರೂ ಒಮ್ಮೆ ಡಿಸೆಂಬರ್‌ನಲ್ಲಿ ಗೆಳತಿಯ ಮನೆಯವರ ಜೊತೆ ನೋಡಲಿಕ್ಕೆ ಅಂತ ಹೋಗಿದ್ದೆವು. ಕಣ್ಣಿಗೆ ಕಾಣುವಷ್ಟು ದೂರ ದಂಡೆ ಉದ್ದಕ್ಕೂ ಲಾಟೀನು. ಸಾವಿರಾರು ಜನ, ಮಕ್ಕಳು, ಮುದುಕರು. ನನ್ನ ಮಗಳು ಲಕ್ಷದೀಪ ಅಂದುಬಿಟ್ಟಳು. ಹಿರಿಯರನ್ನು ಕರೆದುಕೊಂಡು ಹೋಗುವಿರಾದರೆ ಒಂದು ಕಳಕಳಿ: ಚಳಿ ಬಹಳ. ಒಳಗೆ ಉಣ್ಣೆ, ಮೇಲೆ ಮಳೆ ಅಂಗಿ, ಮಂಡಿ ತನಕ ಬೂಟು. ಫ್ಲಾಸ್ಕಿನಲ್ಲಿ ಬಿಸಿ ಕಷಾಯ ಇರಲಿ.

ಪೋರ್ಟ್‌ಲ್ಯಾಂಡ್ ಗೌಡ

ಎಲ್ಲ ಸರಿ, ಆದರೆ ಈ ಟೆಸ್ಟು, ತಾರೀಖು, ಇಷ್ಟು ದೊಡ್ಡದು ಮಾಡಬೇಕಾ? ಊರಲ್ಲಿ ಯಾರು ಟೆಸ್ಟ್ ಮಾಡಿಸಿ ತಿಂತಾರೆ? ಚೆನ್ನಾಗಿ ಕುದಿಸಿ, ಹುಣಸೆ, ಬೆಳ್ಳುಳ್ಳಿ ಜಾಸ್ತಿ ಹಾಕಿದರೆ ಏನೂ ಆಗಲ್ಲ. ಇಳಿತ ಇದ್ದಾಗ ಜನ ಇಲ್ಲದ ಕಡೆ ಹೋಗಿ ಹತ್ತು ತೆಗೆದುಕೊಂಡು ಬಂದರೆ ಯಾರು ಕೇಳ್ತಾರೆ?

ಕಡಲಕರೆ

ಗೌಡ್ರೇ, ದಯವಿಟ್ಟು ಈ ಮಾತನ್ನು ಇಲ್ಲಿಗೇ ಬಿಡಿ. ನಾನು ಮಂಗಳೂರಲ್ಲಿ ಮೀನುಗಾರಿಕೆ ಓದಿದವಳು. ಈ ವಿಷಯಕ್ಕೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಊರಲ್ಲಿ ಏನೂ ಆಗಿಲ್ಲ ಅನ್ನುವುದು ತಪ್ಪು. 1983ರಲ್ಲಿ ಮಂಗಳೂರು ಹತ್ತಿರದ ಕುಂಬಳೆ ಹೊಳೆಯ ಮರುವಾಯಿ, ಅಂದರೆ ಬಳಚು, ತಿಂದು ಒಬ್ಬ ಹುಡುಗ ತೀರಿಕೊಂಡ. ಇನ್ನೂ ಕೆಲವರು ಆಸ್ಪತ್ರೆ ಸೇರಿದರು. ಅವತ್ತೂ ಆ ಮನೆಗಳಲ್ಲಿ ಚೆನ್ನಾಗಿಯೇ ಬೇಯಿಸಿರುತ್ತಾರೆ, ಹುಣಸೆ ಹಾಕಿರುತ್ತಾರೆ. ಕಾರಣ ಏನು ಅಂತ ನಮ್ಮ ಮೀನುಗಾರಿಕೆ ಕಾಲೇಜಿನ ವಿಜ್ಞಾನಿಗಳು ಹುಡುಕಿದಾಗ ಸಿಕ್ಕಿದ್ದು ನರಗಳನ್ನು ಸೋಲಿಸುವ ಚಿಪ್ಪಿನ ವಿಷ. ತುಟಿ ಜುಮ್ಮೆನ್ನುತ್ತದೆ, ಕೈಕಾಲು ಮರಗಟ್ಟುತ್ತದೆ, ವಿಷ ಜಾಸ್ತಿಯಾದರೆ ಉಸಿರಾಟವೇ ನಿಲ್ಲುತ್ತದೆ. ನಿಮ್ಮ ಒರೆಗಾನ್‌ನಲ್ಲೇ 2024ರ ಮೇ ಕೊನೆಯಲ್ಲಿ ಇದೇ ವಿಷದಿಂದ ಜನ ಕಾಯಿಲೆ ಬಿದ್ದು ದಂಡೆಗಳನ್ನು ಮುಚ್ಚಿದರು.

ರೇಜರ್ ಕ್ಲ್ಯಾಮ್‌ಗೆ ಇನ್ನೊಂದು ವಿಷದ ಕಾಟ ಜಾಸ್ತಿ. ಡೊಮೊಯಿಕ್ ಆ್ಯಸಿಡ್. ಸೂಡೊನಿಚಿಯಾ ಅನ್ನುವ ಕಣ್ಣಿಗೆ ಕಾಣದ ಪಾಚಿ ಇದನ್ನು ಮಾಡುತ್ತದೆ. ಕ್ಲ್ಯಾಮ್ ನೀರು ಸೋಸಿ ಇಂಥದ್ದನ್ನೇ ತಿಂದು ಬದುಕುವ ಜೀವಿ, ವಿಷ ಮೈಯಲ್ಲಿ ಕೂರುತ್ತದೆ. ಕ್ಲ್ಯಾಮ್‌ಗೆ ಏನೂ ಆಗುವುದಿಲ್ಲ, ತಿಂದವರಿಗೆ ಆಗುತ್ತದೆ. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಪಚ್ಚಿಲೆ (ಮಸಲ್ ಅನ್ನುವ ಚಿಪ್ಪಿನ ಜೀವಿ) ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಮೂವರು ಸತ್ತರು. ಬದುಕಿದ ಕೆಲವರಿಗೆ ಹೊಸ ನೆನಪು ನಿಲ್ಲುವುದೇ ಹೋಯಿತು. ವಾಷಿಂಗ್ಟನ್ ದಂಡೆಯಲ್ಲಿ ಇದು ಮೊದಲು ಕಂಡದ್ದು 1991ರಲ್ಲಿ. 2015ರಲ್ಲಿ ಸಮುದ್ರ ಬಿಸಿಯಾಗಿ ಕ್ಯಾಲಿಫೋರ್ನಿಯಾದಿಂದ ಅಲಾಸ್ಕಾ ತನಕ ಈ ಪಾಚಿ ಹರಡಿತು, ಕ್ಲ್ಯಾಮ್ ತೆಗೆಯುವುದು ತಿಂಗಳುಗಟ್ಟಲೆ ನಿಂತಿತು.

ಕುದಿಸಿದರೂ ಹೋಗುವುದಿಲ್ಲ. ಫ್ರೀಜರಲ್ಲಿಟ್ಟರೂ ಹೋಗುವುದಿಲ್ಲ. ಹುಣಸೆಗೂ ಜಗ್ಗುವುದಿಲ್ಲ. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಗೊತ್ತಾಗುವುದಿಲ್ಲ. ಬೇರೆ ಚಿಪ್ಪಿನ ಜೀವಿಗಳು ಕೆಲವು ದಿನ, ಕೆಲವು ವಾರದಲ್ಲಿ ಇದನ್ನು ಹೊರಹಾಕಿದರೆ ರೇಜರ್ ಕ್ಲ್ಯಾಮ್ ತಿಂಗಳಾನುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ನೀರು ತಿಳಿಯಾಯಿತು, ಇನ್ನು ಪರವಾಗಿಲ್ಲ ಅನ್ನುವ ಹಾಗಿಲ್ಲ. ಅದಕ್ಕೇ ಹತ್ತು ಲಕ್ಷದಲ್ಲಿ 20 ಪಾಲು ಅನ್ನುವ ಮಿತಿ ಇಟ್ಟು ಮಾಂಸವನ್ನೇ ಪರೀಕ್ಷೆ ಮಾಡುತ್ತಾರೆ.

ಅಮ್ಮನಿಗೆ ಊರಿನ ರುಚಿ ಕೊಡಿಸಲು ಹೊರಟ ಮಗನಿಗೆ ನಾವು ಹೇಳಬೇಕಾದದ್ದು ಇದು. ಯಾರು ಕೇಳ್ತಾರೆ ಅನ್ನುವುದಲ್ಲ.

ಪೋರ್ಟ್‌ಲ್ಯಾಂಡ್ ಗೌಡ

ಕುಂಬಳೆ ವಿಷಯ ನನಗೆ ಗೊತ್ತೇ ಇರಲಿಲ್ಲ ಅಕ್ಕಾ. ನಾನು ಮಂಡ್ಯದವನು, ಕಡಲಿನ ಕಡೆ ಅನುಭವ ಇಲ್ಲ. ತಿಳಿಯದೆ ಬರೆದೆ, ಕ್ಷಮಿಸಿ. ಹೊಳೆಸಾಲು, ನನ್ನ ಮಾತು ಕೇಳಬೇಡಿ.

ಕಡಲಕರೆ

ಕ್ಷಮೆ ಏನೂ ಬೇಡ ಗೌಡ್ರೇ. ಮನೆಮನೆಯಲ್ಲೂ ಇದೇ ನಂಬಿಕೆ ಇದೆ. ನಮ್ಮ ಅಜ್ಜಿಯೂ ಬೆಳ್ಳಿ ನಾಣ್ಯ ಹಾಕಿ ನೋಡು ಅನ್ನುತ್ತಿದ್ದರು, ಅದೂ ಕೆಲಸಕ್ಕೆ ಬರುವುದಿಲ್ಲ.

ಬೆಲಿಂಗ್‌ಹ್ಯಾಮ್ ಬಾಲು

15ರ ಲೆಕ್ಕದ ಬಗ್ಗೆ ನನ್ನದೊಂದು. ಮೊದಲ ವರ್ಷ ನಾನು ಒಡೆದವನ್ನೆಲ್ಲ ಗುಂಡಿಗೆ ವಾಪಸ್ ಹಾಕಿ ಮರಳು ಮುಚ್ಚಿದೆ. ಚೆನ್ನಾಗಿರುವವೇ 15 ಆಗಲಿ ಅಂತ. ಪಕ್ಕದಲ್ಲಿ ಅಗೆಯುತ್ತಿದ್ದ ವಯಸ್ಸಾದ ಒಬ್ಬರು ಬಂದು, ನಾನು ಮುಚ್ಚಿದ್ದ ಒಂದನ್ನು ಕೈಯಿಂದ ಕೆದಕಿ ತೋರಿಸಿದರು. ಅದು ಇಳಿದಿರಲೇ ಇಲ್ಲ. ಚಿಪ್ಪು ಎರಡು ಹೋಳು, ಕಾಲು ಹೊರಗೆ ಬಿದ್ದಿತ್ತು, ಇನ್ನೂ ಮಿಡುಕುತ್ತಿತ್ತು. ಇವೆಲ್ಲ ಇಲ್ಲೇ ಸಾಯುತ್ತವೆ, ತೆಗೆದುಕೊಂಡು ಹೋಗು ಅಂದರು. ಬೈಯಲಿಲ್ಲ. ನಾನು ಆವತ್ತು ಹಾಕಿದ್ದು ಏಳೋ ಎಂಟೋ ಇರಬೇಕು. ಇವತ್ತಿಗೂ ನೆನೆಸಿಕೊಂಡರೆ ಬೇಜಾರಾಗುತ್ತದೆ. ಒಡೆದದ್ದರ ಮಾಂಸ ತಿನ್ನಲು ಚೆನ್ನಾಗಿಯೇ ಇರುತ್ತದೆ, ಮರಳು ತೊಳೆಯಬೇಕು ಅಷ್ಟೇ.

ಟಕೋಮಾ ಶೆಟ್ಟಿ

ಸರಿಯಾಗಿ ಹೇಳಿದಿರಿ. ಇನ್ನೊಂದು ಸೇರಿಸುತ್ತೇನೆ. ಈ ದಂಡೆ ಒಮ್ಮೆ ಬರಿದಾಗಿತ್ತು. 1983ರ ಚಳಿಗಾಲದಲ್ಲಿ ನಿಕ್ಸ್ ಅನ್ನುವ ಕಿವಿರಿನ ರೋಗ ಬಂದು ವಾಷಿಂಗ್ಟನ್‌ನ ರೇಜರ್ ಕ್ಲ್ಯಾಮ್‌ನಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಸತ್ತವು. ಮನುಷ್ಯರಿಗೆ ಆ ರೋಗದಿಂದ ತೊಂದರೆ ಇಲ್ಲ, ಕ್ಲ್ಯಾಮ್‌ಗಳಿಗೆ ಮಾತ್ರ. ಚೇತರಿಸಿಕೊಳ್ಳಲು ವರ್ಷಗಳೇ ಬೇಕಾದವು. ಈಗ ಪ್ರತಿ ಬೇಸಿಗೆ ಇಲಾಖೆಯವರು ಮರಳಲ್ಲಿ ಎಷ್ಟಿವೆ ಅಂತ ಎಣಿಸಿ, ಆ ಲೆಕ್ಕದ ಮೇಲೆ ದಿನಗಳನ್ನು ಕೊಡುತ್ತಾರೆ. ಕೆಲವೊಮ್ಮೆ ಚೆನ್ನಾಗಿ ಬೆಳೆದಾಗ 15 ಇದ್ದದ್ದನ್ನು 20 ಮಾಡಿದ್ದೂ ಇದೆ.

ಮತ್ತೆ, ಇದು ಮೊದಲಿನಿಂದ ಕ್ವಿನಾಲ್ಟ್ ಮತ್ತು ಈ ಕರಾವಳಿಯ ಇತರ ಮೂಲನಿವಾಸಿ ಜನರ ಊಟ. 1994ರಲ್ಲಿ ನ್ಯಾಯಾಲಯ ಅವರ ಹಳೇ ಒಪ್ಪಂದದ ಹಕ್ಕು ಚಿಪ್ಪಿನ ಜೀವಿಗಳಿಗೂ ಸಲ್ಲುತ್ತದೆ, ಅರ್ಧ ಪಾಲು ಅವರದು ಅಂತ ಹೇಳಿತು. ಕೆಲವು ದಿನ ದಂಡೆ ಅವರಿಗಷ್ಟೇ. ಹೋದಾಗ ಬೋರ್ಡ್ ನೋಡಿಕೊಳ್ಳಿ.

ಪುಂಡಿ ಪ್ರಿಯೆ

ಅಡುಗೆ ಮಾತು ಯಾರೂ ಎತ್ತಲೇ ಇಲ್ವಲ್ಲ! ನಾನು ಸುರತ್ಕಲ್ ಕಡೆಯವಳು. ನಮಗೆ ಇದು ಮರುವಾಯಿ, ಕೊಂಕಣಿಯವರು ತಿಸ್ರೆ ಅನ್ನುತ್ತಾರೆ. ಊರಲ್ಲಿ ಚಿಪ್ಪಿನ ಒಂದು ಹೋಳು ಬಿಟ್ಟುಕೊಂಡೇ ಸುಕ್ಕ (ತೆಂಗಿನತುರಿ ಹಾಕಿದ ಒಣ ಪಲ್ಯ) ಮಾಡುತ್ತೇವೆ, ಅಲ್ವಾ. ರೇಜರ್‌ಗೆ ಅದು ಆಗದು. ಚಿಪ್ಪು ತೆಳು, ಬಾಯಿಗೆ ಚೂರು ಸಿಗುತ್ತದೆ.

ಕುದಿಯುವ ನೀರಿಗೆ ಹಾಕಿ, ಚಿಪ್ಪು ಬಾಯಿ ಬಿಟ್ಟ ತಕ್ಷಣ ತೆಗೆದು ತಣ್ಣೀರಿಗೆ ಹಾಕಿ. ಹತ್ತು ಸೆಕೆಂಡು ಅಷ್ಟೇ. ಮಾಂಸ ಕಳಚಿ, ಕತ್ತಿನ ತುದಿಯ ಗಟ್ಟಿ ಭಾಗ ಕತ್ತರಿಸಿ. ಕತ್ತರಿಯಿಂದ ಉದ್ದಕ್ಕೆ ಸೀಳಿ, ಕಿವಿರು ಮತ್ತು ಕಪ್ಪಗಿರುವ ಹೊಟ್ಟೆ ಚೀಲ ತೆಗೆದು ಹಾಕಿ. ಕಾಲಿನ ಭಾಗವನ್ನೂ ಸೀಳಿ ತೊಳೆಯಿರಿ.

ಮಸಾಲೆ ನಮ್ಮದೇ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತೆ ಹುರಿದು, ಹುಣಸೆ, ಬೆಳ್ಳುಳ್ಳಿ ಜೊತೆ ರುಬ್ಬಿ. ತೆಂಗಿನತುರಿ ಅರಿಶಿನದ ಜೊತೆ ಬೇರೆ ಜಜ್ಜಿ ಇಡಿ. ಈರುಳ್ಳಿ ಬಾಡಿಸಿ, ಮಸಾಲೆ ಹಸಿ ವಾಸನೆ ಹೋಗುವ ತನಕ ಬೇಯಲಿ. ತೆಂಗಿನತುರಿ ಹಾಕಿ. ಕ್ಲ್ಯಾಮ್ ಕೊನೆಗೆ, ಎರಡೇ ನಿಮಿಷ. ಜಾಸ್ತಿ ಬಿಟ್ಟರೆ ರಬ್ಬರ್. ಉಪ್ಪು ಆಮೇಲೆ ರುಚಿ ನೋಡಿ ಹಾಕಿ, ಅದರಲ್ಲೇ ಉಪ್ಪಿರುತ್ತದೆ.

ಹೊಳೆಸಾಲು

ಹೋಗಿ ಬಂದೆವು. ನಿನ್ನೆ ರಾತ್ರಿ ಒಂದು ಗಂಟೆಗೆ ಮನೆ ಸೇರಿದೆವು. ನಿದ್ದೆ ಬರುವುದಿಲ್ಲ, ಬರೆದೇ ಬಿಡುತ್ತೇನೆ.

ತಾರೀಖು ಬಂದಿದೆ ಅಂತ ನಾನು ಹೇಳುವ ಮೊದಲೇ ಅಮ್ಮ ಊರಿಂದ ತಂದ ಕ್ಯಾಲೆಂಡರ್ ನೋಡಿ, ಈ ಅಮಾವಾಸ್ಯೆಗೆ ಹೋಗೋಣ ಅಂದಿದ್ದರು. ಎರಡೂ ಕೂಡಿತು. ಕೊಪೇಲಿಸ್‌ಗೆ ಹೋದೆವು. ದಂಡೆಗೆ ಇಳಿದ ಕೂಡಲೇ ಅಮ್ಮ ನಿಂತುಬಿಟ್ಟರು. ಅಷ್ಟು ಅಗಲದ ಮರಳು, ಅಷ್ಟು ದೊಡ್ಡ ಅಲೆ. ಸ್ವಲ್ಪ ಹೊತ್ತು ನೋಡಿ, "ಇದು ಅಳಿವೆ ಬಾಯಿ ಇದ್ದ ಹಾಗಿದೆ, ಯಾರೂ ನೀರಿಗೆ ಬೆನ್ನು ಹಾಕಬೇಡಿ" ಅಂದರು. ಆಮೇಲೆ ಬೋರ್ಡ್ ನೋಡಿದರೆ ಅದರಲ್ಲೂ ಅದೇ ಬರೆದಿತ್ತು. ಇಲ್ಲಿ ಅಲೆ ದೊಡ್ಡ ಮರದ ದಿಮ್ಮಿಗಳನ್ನೇ ಉರುಳಿಸಿಕೊಂಡು ಬರುತ್ತದೆ.

ನಾನು ಸಲಿಕೆ ಹಿಡಿದು ಮೊದಲ ಮೂರೂ ಒಡೆದೆ. ಮೂರನ್ನೂ ನನ್ನ ಚೀಲಕ್ಕೇ ಹಾಕಿಕೊಂಡೆ, ಬಾಲು ಅವರ ಮಾತು ನೆನಪಿತ್ತು. ಅಮ್ಮ ಕೊಳವೆ ಮುಟ್ಟಲಿಲ್ಲ. ಲಾಟೀನು ಕೆಳಗೆ ಹಿಡಿಸಿ, ಬೂಟಿನ ಹಿಮ್ಮಡಿಯಿಂದ ಮರಳು ಒತ್ತುತ್ತಾ ನಿಧಾನ ನಡೆದರು. ಒಂದು ಕಡೆ ತಗ್ಗು ಬಿತ್ತು. ಆಗ ಕೊಳವೆ ತೆಗೆದುಕೊಂಡರು. ಎತ್ತುವಾಗ ಮಾತ್ರ ಅಪ್ಪ ಒಂದು ಕೈ ಕೊಟ್ಟರು, ಇಲಾಖೆಯವರು ಅಷ್ಟಕ್ಕೆ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ. ಮರಳು ಸುರಿದಾಗ ಅದು ಹೊರಗೆ ಬಿತ್ತು. ಎಣ್ಣೆ ಬಳಿದ ಹಾಗೆ ಹೊಳೆಯುವ ಕಂದು ಚಿಪ್ಪು, ಅಮ್ಮನ ಅಂಗೈಗಿಂತ ಉದ್ದ. ಕೈಗೆ ತೆಗೆದುಕೊಂಡರೆ ಬೆಳ್ಳಗಿನ ಕಾಲು ಹೊರಗೆ ಚಾಚಿ ಬೆರಳ ಸಂದಿಯಲ್ಲೇ ಅಗೆಯಲು ನೋಡಿತು. ಅಮ್ಮ ಅದನ್ನೇ ನೋಡುತ್ತಾ, "ಎಂಥ ಗಡಿಬಿಡಿ ಇದಕ್ಕೆ" ಅಂದರು.

ಒಂದೇ ಒಂದು ಕಡೆ ಗಲಾಟೆ ಆಯಿತು. ಆರನೆಯದು ಬೆರಳುದ್ದದ್ದು ಸಿಕ್ಕಿತು. ಅಮ್ಮ ವಾಪಸ್ ಬಿಡುತ್ತೇನೆ ಅಂದರು. ಮರಿಯನ್ನು ತೆಗೆಯಬಾರದು ಅಂತ ಅವರ ಅಜ್ಜಿ ಹೇಳಿಕೊಟ್ಟದ್ದು, ಊರಲ್ಲಿ ಅದೇ ನ್ಯಾಯ. ಇಲ್ಲಿ ಇಟ್ಟುಕೊಳ್ಳಲೇಬೇಕು ಅಂದೆ. ಒಪ್ಪಲಿಲ್ಲ. ಕೊನೆಗೆ, ಒಮ್ಮೆ ಅಗೆದು ತೆಗೆದದ್ದು ಅಲೆಯಲ್ಲಿ ಉಳಿಯುವುದಿಲ್ಲ, ಬಿಟ್ಟರೆ ಹಕ್ಕಿಗೆ ಹೋಗುತ್ತದೆ, ನಾವು ಇನ್ನೊಂದನ್ನು ಅಗೆಯುತ್ತೇವೆ, ಆಗ ಎರಡು ಜೀವ ಹೋಯಿತಲ್ಲ ಅಂದೆ. ಸುಮ್ಮನಾದರು. ಚೀಲಕ್ಕೆ ಹಾಕಿಕೊಂಡರು. ಅಲ್ಲಿಂದ ಮುಂದೆ ಸಣ್ಣ ತಗ್ಗುಗಳನ್ನು ಬಿಟ್ಟು ದೊಡ್ಡದಿದ್ದಲ್ಲಿ ಮಾತ್ರ ಕೊಳವೆ ಊರಿದರು. ಅವರಿಗೆ 11, ಅಪ್ಪನಿಗೆ 9, ನನಗೆ 15.

ಇವತ್ತು ಮಧ್ಯಾಹ್ನ ಸುಕ್ಕ. ಮಸಾಲೆ ಪುಂಡಿ ಪ್ರಿಯೆ ಅವರದು, ಕೈ ಅಮ್ಮನದು. ಬಳಚಿನಷ್ಟು ಘಮ ಇಲ್ಲ, ಆದರೆ ಸಿಹಿ ಇದೆ ಅಂದರು. ಎರಡನೇ ಸಲ ಬಡಿಸಿಕೊಂಡರು.

ಪುಂಡಿ ಪ್ರಿಯೆ

ಕಣ್ಣು ತುಂಬಿ ಬಂತು. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಕಡಲಕರೆ

ಆ ಮರಿ ಕ್ಲ್ಯಾಮ್ ವಿಷಯದಲ್ಲಿ ಅಮ್ಮನ ಮಾತೂ ಸರಿಯೇ. ಹೊಳೆಯ ಬಳಚಿನ ಮರಿಯನ್ನು ಹಾಗೇ ನೀರಿಗೆ ಬಿಟ್ಟರೆ ಬದುಕುತ್ತದೆ, ಬೆಳೆಯುತ್ತದೆ. ಅಲ್ಲಿಗೆ ಅದೇ ನ್ಯಾಯ, ಇಲ್ಲಿಗೆ ಇದು. ಇನ್ನೊಂದು, ಫ್ರೀಜರಲ್ಲಿಡುವುದಿದ್ದರೆ ಈಗಲೇ ಸ್ವಚ್ಛ ಮಾಡಿ ಇಡಿ. ಹೊಟ್ಟೆ ಚೀಲದ ಸಮೇತ ಇಡಬೇಡಿ.

ಟಕೋಮಾ ಶೆಟ್ಟಿ

ಮೊದಲ ಸಲಕ್ಕೆ ಮೂವರಿಂದ 35! ನಾನು ಮೊದಲ ರಾತ್ರಿ ನಾಲ್ಕು ತೆಗೆದಿದ್ದೆ. ಅಮ್ಮ ಹಿಮ್ಮಡಿಯಿಂದ ಒತ್ತುವುದನ್ನು ನಾನೂ ನೋಡಬೇಕು. ಮುಂದಿನ ಸಲ ಹೇಳಿ, ನಾವೂ ಬರುತ್ತೇವೆ. ಆದರೆ ಅಪ್ಪ ಕೈ ಕೊಡುವುದು ಎತ್ತುವುದಕ್ಕೆ ಅಂತಲೂ ಬೇಡ ತಮ್ಮಾ, ಅಮ್ಮನಿಗೆ ಕಷ್ಟ ಅಂತಾದರೆ ಆ ಪರವಾನಗಿಗೇ ಅರ್ಜಿ ಹಾಕಿ.

ಹೊಳೆಸಾಲು

ಹಾಕುತ್ತೇನೆ ಶೆಟ್ರೇ. ಅಮ್ಮ ಆಗಲೇ ಕ್ಯಾಲೆಂಡರ್ ತಿರುವಿ ಮುಂದಿನ ಹುಣ್ಣಿಮೆಗೆ ಗುರುತು ಹಾಕಿಟ್ಟಿದ್ದಾರೆ. ಚಿಪ್ಪುಗಳನ್ನು ತೊಳೆದು ಬಾಲ್ಕನಿಯಲ್ಲಿ ಒಣಗಿಸಿದ್ದಾರೆ. ಊರಲ್ಲಾದರೆ ಸುಣ್ಣ ಸುಡುವವರಿಗೆ ಕೊಡುತ್ತಿದ್ದೆ, ಇಲ್ಲಿ ಯಾರಿಗೆ ಕೊಡಲಿ ಅಂತ ಕೇಳುತ್ತಿದ್ದಾರೆ.

ಟಕೋಮಾ ಶೆಟ್ಟಿ

ಕುಟ್ಟಿ ಕರಿಬೇವಿನ ಕುಂಡಕ್ಕೆ ಹಾಕಲು ಹೇಳಿ. ಹುಣ್ಣಿಮೆ ಇಳಿತ ಚೆನ್ನಾಗಿದೆ, ಆದರೆ ಪರೀಕ್ಷೆ ಫಲಿತಾಂಶ ಇನ್ನೂ ಬಂದಿಲ್ಲ. ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.